ದೊಡ್ಡ ಹೊಟೇಲಿನ ಬುತ್ತಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದವರೇ ಆಗಿದ್ದೇವೆ. ಆದರೆ ಒಂದೇ ರಾತ್ರಿಯಲ್ಲಿ ರೋಗವನ್ನೂ ಜಗಳವನ್ನೂ ಜೊತೆಯಾಗಿ ಮನೆಗೆ ಕರೆತಂದ ಬುದ್ಧಿವಂತರು ನಾವು. ಆ ಸಂಗತಿಯನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲದಿಲ್ಲ. ಆದರೂ ಪರರು ಎಡವಿದ ಕಲ್ಲನ್ನು ನೋಡಿ ನಡೆಯುವುದು ಜಾಣತನವಾದ ಕಾರಣ, ಈ ತಿಂಗಳ ಪುಟವನ್ನು ಅದಕ್ಕಾಗಿಯೇ ಮೀಸಲಿಟ್ಟಿರುವೆನು.

ನಮ್ಮೂರು ಹುಲಸೂರ. ಬೀದರ ಜಿಲ್ಲೆಯಲ್ಲಿ ಮೊದಲು ಬಸವಕಲ್ಯಾಣ ತಾಲೂಕಿಗೆ ಸೇರಿದ್ದ ಈ ಊರು 2018ರಿಂದೀಚೆಗೆ ತಾನೇ ಒಂದು ತಾಲೂಕಿನ ಕೇಂದ್ರವಾಗಿರುವುದು. ಆದರೂ ಬಿಳಿಯ ಮೇಜುಬಟ್ಟೆ ಹಾಸಿ, ಹೆಸರಾಂತ ಅಡಿಗೆಯವರಿಂದ ಮಾಡಿಸಿ, ಒಂದೊಂದೇ ಪದಾರ್ಥವನ್ನು ಕ್ರಮವಾಗಿ ಬಡಿಸುವಂತಹ ದೊಡ್ಡ ಭೋಜನಶಾಲೆಗಳನ್ನು ನೋಡಬೇಕಾದರೆ ನಾವು ದೂರದ ಪಟ್ಟಣಗಳಿಗೆ ಹೋಗಬೇಕು. ನಮ್ಮ ಮಾವನವರಿಗೆ ಈಗ ಎಪ್ಪತ್ತೆಂಟು ವರುಷ. ಹರೆಯದಲ್ಲಿ ಅವರು ಹೈದರಾಬಾದಿನಲ್ಲಿ ಓದುತ್ತಿದ್ದಾಗ ಸ್ನೇಹಿತನೊಬ್ಬನ ಸಂತೋಷಕೂಟದ ನಿಮಿತ್ತವಾಗಿ ಒಮ್ಮೆ ಅಂತಹ ಹೊಟೇಲಿನಲ್ಲಿ ಉಂಡಿದ್ದರಂತೆ. ಅಂದಿನ ಬಗಾರಾ ಬೈಂಗನ್ ಮತ್ತು ಖುಬಾನಿ ಕಾ ಮೀಠಾ ಇವೆರಡನ್ನೂ ಅವರು ಅರ್ಧ ಶತಮಾನದಿಂದ ಮರೆತಿರಲಿಲ್ಲ. "ಆ ಬದನಿಕಾಯಿ ರುಚಿ ಇನ್ನಾ ನಾಲಿಗಿ ಮ್ಯಾಲ ಅದ" ಎಂದು ಆಗಾಗ್ಗೆ ಹೇಳುತ್ತಿದ್ದರು. ಈಗ ಮೊಣಕಾಲು ಹಿಡಿದು ಮನೆಯ ಮೆಟ್ಟಿಲು ಇಳಿಯುವುದೇ ಕಷ್ಟವಾಗಿರುವಾಗ ಹೈದರಾಬಾದಿನ ಪ್ರಯಾಣವೆಲ್ಲಿಯದು?

ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ನನ್ನ ಮೈದುನನು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನು. ಹೋದ ಬೇಸಗೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಅಲ್ಲಿಯ ಒಂದು ದೊಡ್ಡ ಹೊಟೇಲಿನಲ್ಲಿ ಬದನೆಕಾಯಿ, ಸುವಾಸನೆಯ ಅನ್ನ, ಪನೀರು, ರಾಯತಾ, ರೊಟ್ಟಿಗಳು, ಮೀಠಾ ಎಲ್ಲವನ್ನೂ ಕಟ್ಟಿಸಿಕೊಂಡು ಕಾರಿನ ಹಿಂಭಾಗದಲ್ಲಿಟ್ಟು ಹೊರಟನು. ದಾರಿ ನೂರೈವತ್ತು ಕಿಲೋಮೀಟರಿಗೂ ಮಿಗಿಲು. ನಡುವೆ ಜಹೀರಾಬಾದಿನಲ್ಲಿ ಬೀಗರ ಮನೆಗೆ ಹೋಗಿ ಚಹಾ ಕುಡಿದನು. ಹುಲಸೂರ ಸೇರಿದಾಗ ಸಂಜೆಯ ದೀಪ ಹಚ್ಚುವ ಹೊತ್ತು. ಡಬ್ಬಿಗಳು ಇನ್ನೂ ಬೆಚ್ಚಗಿದ್ದುವು. ಆ ಬೆಚ್ಚನೆಯೇ ನಮ್ಮನ್ನು ಮೋಸಗೊಳಿಸಿತು. ತಾಜಾ ಇದೆಯೆಂದು ತಿಳಿದು, ಮತ್ತೆ ಒಲೆಗೇರಿಸದೆ, ರಾತ್ರಿ ಎಂಟಕ್ಕೆ ಬಡಿಸಿದೆವು. ಹನ್ನೆರಡರ ವೇಳೆಗೆ ಮಾವನವರಿಗೂ ನನ್ನ ಚಿಕ್ಕ ಮಗಳಿಗೂ ವಾಂತಿ ಪ್ರಾರಂಭವಾಯಿತು. ಆ ಅಪರಾತ್ರಿಯಲ್ಲಿಯೇ ಬಸವಕಲ್ಯಾಣಕ್ಕೆ ಕರೆದೊಯ್ದು ಸಲೈನು ಹಾಕಿಸಬೇಕಾಯಿತು. ಡಾಕ್ಟರು ಕೇಳಿದ ಮೊದಲನೆಯ ಪ್ರಶ್ನೆ ಇದು: "ಅನ್ನವನ್ನು ಬೇಯಿಸಿದ್ದು ಯಾವಾಗ, ಉಂಡದ್ದು ಯಾವಾಗ?"

ಇಬ್ಬರೂ ಮರುದಿನ ಸುಧಾರಿಸಿಕೊಂಡರು. ಆದರೆ ಮನೆಯಲ್ಲಿ ಮಾತು ಸುಧಾರಿಸಲಿಲ್ಲ. "ಐವತ್ತು ವರ್ಷ ನನ್ನ ಕೈಯಾಗಿನ ಊಟ ಉಂಡವರಿಗಿ ಈಗ ಹೊಟೇಲಿನ ಊಟ ಬೇಕಾಯ್ತೇನು?" ಎಂದರು ಅತ್ತೆಯವರು. ಮೈದುನನು ಮುಖ ಸಣ್ಣದು ಮಾಡಿಕೊಂಡು ಊರಿಗೆ ಹಿಂದಿರುಗಿದನು. ಮಾವನವರಂತೂ ಬದನೆಕಾಯಿಯ ಹೆಸರನ್ನೇ ಎತ್ತದಾದರು. ತಪ್ಪು ಹೊಟೇಲಿನವರದಲ್ಲ. ಅವರು ಬಿಸಿಯಾಗಿಯೇ ಕೊಟ್ಟಿದ್ದರು. ತಪ್ಪು ನಮ್ಮ ಅಜ್ಞಾನದ್ದು. ಆ ಅಜ್ಞಾನವನ್ನು ಕಳೆದುಕೊಳ್ಳುವುದಕ್ಕಾಗಿ ನಾನು ಈ ವಿಷಯವನ್ನು ಕೊಂಚ ವಿಚಾರಿಸಿ ತಿಳಿದುಕೊಂಡೆನು.

ಉತ್ತಮ ಪಾಕವನ್ನು ಆಸ್ವಾದಿಸುವುದು ನಮ್ಮ ಸೀಮೆಗೆ ಹೊಸದೆಂದು ಯಾರೂ ಭಾವಿಸಕೂಡದು. ನಮಗೆ ನೆರೆಯಲ್ಲಿಯೇ ಇರುವ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವಲ್ಲವೆ? ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಅನ್ನಭೋಗ'ವೆಂಬ ಒಂದು ಭಾಗವೇ ಇರುವುದು. ಉದ್ದಿನ ಹಿಟ್ಟಿನಿಂದ ಮಾಡಿ ಮೆಣಸು, ಜೀರಿಗೆ, ಇಂಗುಗಳನ್ನು ಕೂಡಿಸಿದ ಇಡ್ಡರಿಕೆ, ಬೇಳೆಗಳ ಧೋಸಕ, ಗೋದಿಯ ಮಂಡಕ ಮುಂತಾದವುಗಳ ವಿವರ ಅಲ್ಲಿವೆ. ಇಂದಿನ ಇಡ್ಡಲಿ, ದೋಸೆ, ಮಂಡಿಗೆಗಳ ಪೂರ್ವಜರನ್ನು ವಿದ್ವಾಂಸರು ಇವುಗಳಲ್ಲಿ ಗುರುತಿಸುತ್ತಾರೆ. ಆ ಭೋಗವು ಅರಸನ ತಾಟಿನ ಸುತ್ತಲೇ ನಿಂತಿತ್ತು. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಬಸವಣ್ಣನವರೂ ಶರಣರೂ ಕಾಯಕದ ಜೊತೆಗೆ ದಾಸೋಹವನ್ನು ಸಾರಿ, ಜಾತಿಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಕಲಿಸಿದರು. ರುಚಿಯ ಪಾಠವೂ ಪಂಕ್ತಿಯ ಪಾಠವೂ ಒಂದೇ ಊರಿನಿಂದ ನಮಗೆ ಬಂದುವೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ದೊಡ್ಡವರ ಅಡಿಗೆಮನೆಯಿಂದ ಪಾಕವು ಹೊರಬಿದ್ದು ಸಾಮಾನ್ಯರ ಮನೆ ಸೇರಿದುದಕ್ಕೂ ನಮ್ಮ ಸೀಮೆಯಲ್ಲಿಯೇ ಒಂದು ನಿದರ್ಶನವಿರುವುದು. ಬಸವಕಲ್ಯಾಣಕ್ಕೆ ನಿಜಾಮರ ಕಾಲದಲ್ಲಿ ಕಲ್ಯಾಣಿ ಎಂದು ಹೆಸರು. ಅಲ್ಲಿಯ ನವಾಬರ ಮನೆತನದವರು ಹೈದರಾಬಾದಿನಲ್ಲಿಯೂ ಒಂದು ದೇವಡಿಯನ್ನು ಕಟ್ಟಿಕೊಂಡಿದ್ದರು. ಬೀದರ ಕಡೆಯಿಂದ ಕೆಲಸಕ್ಕಾಗಿ ಬಂದ ತಮ್ಮ ಪ್ರಜೆಗಳಿಗೆಲ್ಲ ಆ ದೇವಡಿಯಲ್ಲಿ ಎಮ್ಮೆಯ ಮಾಂಸದ ಸಣ್ಣ ತುಂಡುಗಳಿಂದ ಮಾಡಿದ ಬಿರಿಯಾನಿಯನ್ನು ಬಡಿಸುತ್ತಿದ್ದರೆಂದು ಹೇಳುತ್ತಾರೆ. 1948ರ ಸಪ್ಟೆಂಬರಿನಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ನವಾಬರ ವೈಭವವು ಇಳಿಮುಖವಾಗಲು, ಅವರ ಅಡಿಗೆಯವರು ಹೊರಗೆ ಅಂಗಡಿಗಳನ್ನಿಟ್ಟರಂತೆ. ಅದೇ ಇಂದಿನ 'ಕಲ್ಯಾಣಿ ಬಿರಿಯಾನಿ'. ನಮ್ಮ ಮನೆಯವರು ಮಾಂಸಾಹಾರಿಗಳಲ್ಲ. ಆದರೂ ದೇವಡಿಯೊಳಗಿನ ಪದಾರ್ಥವೊಂದು ಬಡವನು ಪೊಟ್ಟಣ ಕಟ್ಟಿಸಿಕೊಂಡು ಮಕ್ಕಳಿಗಾಗಿ ಮನೆಗೆ ಒಯ್ಯುವಂತಾಯಿತೆಂಬುದು ಎಲ್ಲರೂ ಮೆಚ್ಚತಕ್ಕ ಮಾತು.

ಚಿಕ್ಕ ಹೊಟೇಲುಗಳಲ್ಲಿ ಪಾರ್ಸಲು ಕಟ್ಟಿಸುವುದು ಹಳೆಯ ರೂಢಿ. ದೊಡ್ಡ ಭೋಜನಶಾಲೆಗಳು ಮಾತ್ರ ಬಹುಕಾಲ ಇದಕ್ಕೆ ಒಪ್ಪುತ್ತಿರಲಿಲ್ಲ. ಅವುಗಳ ಪಾಕವು ಒಲೆಯಿಂದ ಮೇಜಿಗೆ ಕೆಲವೇ ನಿಮಿಷಗಳಲ್ಲಿ ಬರಬೇಕಾದುದೇ ಅದಕ್ಕೆ ಕಾರಣ. 2020ರ ಮಾರ್ಚಿ 25ರಿಂದ ನಮ್ಮ ದೇಶದಲ್ಲಿ ಕೋವಿಡ್ ನಿಮಿತ್ತ ಎಲ್ಲವೂ ಮುಚ್ಚಲ್ಪಟ್ಟಾಗ ಈ ಬಿಗುಮಾನವು ಸಡಿಲಿತು. ಷಿಕಾಗೋ ನಗರದ ಸುಪ್ರಸಿದ್ಧ ಅಲಿನಿಯಾ ಭೋಜನಶಾಲೆಯು ಡಬ್ಬಿಗಳಲ್ಲಿ ಊಟವನ್ನು ಮಾರಿತು. ಕೋಪನ್‌ಹೇಗನ್ನಿನ ನೋಮಾ ಎಂಬುದು ಆ ವರುಷದ ಮೇ ತಿಂಗಳಿನಲ್ಲಿ ಕೆಲಕಾಲ ಬರ್ಗರುಗಳನ್ನು ಮಾಡಿ ಕೊಟ್ಟಿತು. ನಮ್ಮಲ್ಲಿ ತಾಜ್ ಹೊಟೇಲಿನವರು 'ಕ್ಯೂಮಿನ್' ಎಂಬ ಹೆಸರಿನಲ್ಲಿಯೂ ಐ.ಟಿ.ಸಿ.ಯವರು 'ಗೂರ್ಮೆ ಕೌಚ್' ಎಂಬ ಹೆಸರಿನಲ್ಲಿಯೂ ತಮ್ಮ ಪಾಕಗಳನ್ನು ಗಿರಾಕಿಗಳ ಮನೆಗೇ ಕಳುಹಿಸತೊಡಗಿದರು. ಆಪತ್ಕಾಲದಲ್ಲಿ ಹುಟ್ಟಿದ ಈ ಪದ್ಧತಿಯು ಆಪತ್ತು ಕಳೆದ ಮೇಲೂ ನಿಲ್ಲಲಿಲ್ಲ. ಮುದುಕರು, ರೋಗಿಗಳು, ಎಳೆಗೂಸಿನ ತಾಯಂದಿರು, ಜನರ ನಡುವೆ ಕುಳಿತು ಉಣ್ಣಲು ನಾಚುವವರು, ಇಂತಹವರಿಗೆಲ್ಲ ಇದರಿಂದ ಉಪಕಾರವಾಗಿದೆ.

ಇನ್ನು ನಮ್ಮ ತಪ್ಪಿನ ವಿಚಾರಕ್ಕೆ ಬರೋಣ. ಅಕ್ಕಿಯಲ್ಲಿ ಸಾಮಾನ್ಯವಾಗಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳಿರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಬೇಯಿಸಿದ ಅನ್ನವು ಬಹಳ ಹೊತ್ತು ಉಗುರುಬೆಚ್ಚಗಿದ್ದರೆ ಅವು ಮೊಳೆತು ವೃದ್ಧಿಯಾಗಿ ಒಂದು ಬಗೆಯ ವಿಷವನ್ನು ಉಂಟುಮಾಡುತ್ತವೆ. ಆ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಉಂಡ ಒಂದರಿಂದ ಆರು ಗಂಟೆಗಳೊಳಗಾಗಿ ವಾಂತಿಯನ್ನು ತರುತ್ತದೆ. ವಾಸನೆಯಲ್ಲಾಗಲಿ ರುಚಿಯಲ್ಲಾಗಲಿ ಇದರ ಸುಳಿವು ಸಿಕ್ಕುವುದಿಲ್ಲ. ಆದುದರಿಂದ 'ಮೂಸಿ ನೋಡಿದೆ, ಕೆಟ್ಟಿಲ್ಲ' ಎಂಬ ನಮ್ಮ ಹಳೆಯ ಪರೀಕ್ಷೆ ಇಲ್ಲಿ ಸಾಲದು.

ವಿಶ್ವ ಆರೋಗ್ಯ ಸಂಸ್ಥೆಯವರು ಈ ಸಂಬಂಧವಾಗಿ ಹೇಳಿರುವ ನಿಯಮಗಳು ಸುಲಭವಾಗಿವೆ. ಬಿಸಿಯಾದ ಪದಾರ್ಥವು 60 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲಿರಬೇಕು. ತಣ್ಣಗಿನದು 5 ಡಿಗ್ರಿಗೆ ಕೆಳಗಿರಬೇಕು. ಇವೆರಡರ ನಡುವಣ ಸ್ಥಿತಿಯೇ ಅಪಾಯದ ಸೀಮೆ. ಬೇಯಿಸಿದ ಯಾವ ಪದಾರ್ಥವನ್ನೂ ಹೊರಗೆ ಎರಡು ಗಂಟೆಗಳಿಗೆ ಮೀರಿ ಇಡಕೂಡದು. ಮತ್ತೆ ಬಿಸಿ ಮಾಡುವಾಗ ಒಳಗಿನ ತನಕ 70 ಡಿಗ್ರಿಗೆ ಮೇಲೇರುವಂತೆ ಕಾಯಿಸಬೇಕು. ಮನೆಯಲ್ಲಿ ಉಷ್ಣಮಾಪಕವಿಲ್ಲದಿದ್ದರೆ ಗೊಜ್ಜು, ಸಾರುಗಳು ನಡುವಿನಲ್ಲಿಯೂ ತಳತಳನೆ ಕುದಿಯುವ ತನಕ ಇಳಿಸಬೇಡಿರಿ. ನಮ್ಮ ಬೇಸಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿಯನ್ನು ದಾಟುವಾಗ, ಮುಚ್ಚಿದ ಕಾರಿನ ಹಿಂಭಾಗದ ಸ್ಥಿತಿಯನ್ನು ಹೇಳಬೇಕಾದುದಿಲ್ಲ. ನಾವು ಆ ಅನ್ನವನ್ನು ಆರು ಗಂಟೆಗಳ ಕಾಲ ಸೂಕ್ಷ್ಮಾಣುಗಳಿಗೆ ಹಿತವಾದ ಬೆಚ್ಚನೆಯಲ್ಲಿ ಇಟ್ಟು ಸಾಕಿದ್ದೆವು!

ಆದುದರಿಂದ ದೊಡ್ಡ ಹೊಟೇಲಿನ ಊಟವನ್ನು ತರಿಸುವವರು ಮೊದಲು ದಾರಿಯನ್ನು ಅಳೆಯಬೇಕು. ಅರ್ಧ ಗಂಟೆಯ ದಾರಿಯಾದರೆ ಬಿಸಿಯಾಗಿ ಕಟ್ಟಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ನಡುವೆ ಎಲ್ಲಿಯೂ ನಿಲ್ಲದೆ ತಂದು, ಒಡನೆಯೇ ಬಡಿಸಬಹುದು. ಎರಡು ಗಂಟೆಗಳನ್ನು ಮೀರುವ ದಾರಿಯಾದರೆ ಬಿಸಿಯ ಆಸೆಯನ್ನು ಬಿಟ್ಟುಬಿಡುವುದೇ ಲೇಸು. ಆಗ ತಣ್ಣಗೆ ತರಬೇಕು. ಎಂದರೆ ಹೊಟೇಲಿನವರೇ ತಮ್ಮ ಶೀತಲಯಂತ್ರದಲ್ಲಿ ಚೆನ್ನಾಗಿ ತಣಿಸಿಟ್ಟ ಪದಾರ್ಥವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಂದು, ಮನೆಯಲ್ಲಿ ಕುದಿಸಬೇಕು. ಹಿಂದಿನ ದಿನವೇ ಕೇಳಿಕೊಂಡರೆ ಒಳ್ಳೆಯ ಹೊಟೇಲಿನವರು ಇದಕ್ಕೆ ಒಪ್ಪುವುದುಂಟು.

ಯಾವುದನ್ನು ತರಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಬೇಕು. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಕುದಿದ ಕಪ್ಪು ಉದ್ದಿನ ದಾಲು, ಎಳ್ಳು, ಶೇಂಗಾ, ಹುಣಿಸೆಗಳ ಗಟ್ಟಿಯಾದ ಗೊಜ್ಜಿನಲ್ಲಿ ಮುಳುಗಿದ ಬದನೆಕಾಯಿ, ಮೆಣಸಿನಕಾಯಿಯ ಸಾಲನ್ ಮುಂತಾದವು ಪ್ರಯಾಣಕ್ಕೆ ಯೋಗ್ಯವಾದುವು. ಹೊತ್ತು ಕಳೆದಂತೆ ರುಚಿ ಕೂಡುತ್ತಲೇ ಹೋಗುವುದು. ದೋಸೆ, ಪೂರಿ, ಕರಿದ ತಿಂಡಿಗಳು ಪ್ರಯಾಣಕ್ಕೆ ತಕ್ಕವಲ್ಲ. ಮುಚ್ಚಿದ ಡಬ್ಬಿಯೊಳಗೆ ಅವುಗಳ ಹಬೆಯೇ ನೀರಾಗಿ ಅವುಗಳ ಮೇಲೆ ಬಿದ್ದು ಗರಿಯನ್ನು ಕೆಡಿಸುವುದು. ಅಂತಹವನ್ನು ತರಲೇಬೇಕಾದರೆ ಮುಚ್ಚಳದಲ್ಲಿ ಸಣ್ಣ ರಂಧ್ರಗಳಿರಬೇಕು. ಮನೆಗೆ ಬಂದೊಡನೆ ಕಾದ ಹಂಚಿನ ಮೇಲೆ ತುಸುಹೊತ್ತು ಇಟ್ಟರೆ ಸ್ವಲ್ಪ ಚೇತರಿಸಿಕೊಳ್ಳುವುವು. ನಾನ್ ರೊಟ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿ ಹಂಚಿನ ಮೇಲೆ ಮುಚ್ಚಿಟ್ಟರೆ ಮೆತ್ತಗಾಗುವುದು. ಚಟ್ನಿ, ರಾಯತಾ, ಹಸಿಯ ಕೋಸಂಬರಿಗಳನ್ನು ಬೇರೆ ಬೇರೆಯಾಗಿ ಕಟ್ಟಿಸಿ, ಬಿಸಿಯ ಡಬ್ಬಿಗಳ ಪಕ್ಕದಲ್ಲಿ ಇಡದೆ ದೂರವಿಡಬೇಕು.

ಖರ್ಚಿನ ಮಾತು ಬಂದಾಗ ಗೃಹಿಣಿಯು ಇನ್ನೂ ಎಚ್ಚರದಿಂದಿರಬೇಕು. ಅನ್ನ, ರೊಟ್ಟಿ, ಮೊಸರು, ಉಳ್ಳಾಗಡ್ಡಿಯ ಹೋಳುಗಳು ನಮ್ಮ ಮನೆಯಲ್ಲಿಯೇ ಇರುವಾಗ ಅವುಗಳಿಗೆ ದೊಡ್ಡ ಹೊಟೇಲಿನ ಬೆಲೆ ತೆರುವುದು ಜಾಣತನವಲ್ಲ. ಮನೆಯ ಒಲೆಯಲ್ಲಿ ಆಗದೆಂಬ ಒಂದೆರಡನ್ನು ಮಾತ್ರ ಕೊಳ್ಳಬೇಕು. ಸಾಧಾರಣ ಹೊಟೇಲುಗಳಲ್ಲಿ ನೂರಕ್ಕೆ 5ರಂತೆಯೂ, ಹೆಚ್ಚು ಬಾಡಿಗೆಯ ಕೋಣೆಗಳುಳ್ಳ ದೊಡ್ಡ ಹೊಟೇಲುಗಳೊಳಗಿನ ಭೋಜನಶಾಲೆಗಳಲ್ಲಿ 18ರಂತೆಯೂ ಜಿ.ಎಸ್.ಟಿ. ತೆರಿಗೆ ಬೀಳುವುದು. ಅದನ್ನು ಮೊದಲೇ ಲೆಕ್ಕದಲ್ಲಿ ಹಿಡಿಯಿರಿ. ಸೇವಾಶುಲ್ಕವನ್ನು ಹೊಟೇಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚಿಸಿರುವುದು. ಬಡಿಸುವವರೇ ಇಲ್ಲದ ಬುತ್ತಿಗೆ ಬಡಿಸಿದ ಕೂಲಿ ಏಕೆ ಎಂದು ವಿನಯದಿಂದ ಕೇಳುವ ಹಕ್ಕು ನಮಗುಂಟು. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿಯ ಸಂಖ್ಯೆ ಇರಬೇಕಾದುದು 2022ರ ಜನವರಿಯಿಂದ ಕಡ್ಡಾಯವಾಗಿರುವುದು. ಅದನ್ನು ಒಮ್ಮೆ ಕಣ್ಣಾಡಿಸಿ ನೋಡಿರಿ.

ಕಟ್ಟುವ ಸಾಮಗ್ರಿಯ ಕಡೆಗೂ ಗಮನವಿರಲಿ. ವೃತ್ತಪತ್ರಿಕೆಯ ಶಾಯಿ ಅನ್ನಕ್ಕೆ ತಗಲಕೂಡದೆಂಬ ಕಾರಣದಿಂದ ಅಂತಹ ಕಾಗದದಲ್ಲಿ ತಿನಿಸುಗಳನ್ನು ಕಟ್ಟುವುದನ್ನು 2018ರ ನಿಯಮಗಳು ನಿಷೇಧಿಸಿವೆ. ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿರುವುದು. ಬಿಸಿಯ ಪದಾರ್ಥವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟರೆ ಅದರ ತಳವನ್ನು ತಿರುವಿ ನೋಡಿರಿ. ತ್ರಿಕೋನದೊಳಗೆ 5 ಎಂಬ ಅಂಕಿಯಿದ್ದರೆ ಅದು ಶಾಖವನ್ನು ತಾಳುವ ಪಾಲಿಪ್ರೊಪಿಲೀನ್. 6 ಇದ್ದರೆ ಬಿಸಿಗೆ ತಕ್ಕುದಲ್ಲ. ಎಲ್ಲಕ್ಕಿಂತಲೂ ಉತ್ತಮವಾದುದು ನಮ್ಮ ಮನೆಯ ಉಕ್ಕಿನ ಡಬ್ಬಿಗಳನ್ನು ನಾವೇ ಒಯ್ದು ತುಂಬಿಸಿಕೊಂಡು ಬರುವುದು.

ಇಷ್ಟೆಲ್ಲವನ್ನೂ ನಾನು ಪುಸ್ತಕದ ಜ್ಞಾನದಿಂದ ಒಟ್ಟುಗೂಡಿಸಿದೆನು. ಆದರೆ ಬಾಳಿನ ಜ್ಞಾನವು ನಮ್ಮ ಮನೆಯಲ್ಲಿಯೇ ಇದ್ದಿತೆಂಬುದು ಎಳ್ಳಮಾವಾಸ್ಯೆಯ ದಿನ ತಿಳಿಯಿತು. ನಮ್ಮ ಬೀದರ ಸೀಮೆಯಲ್ಲಿ ಎಳ್ಳಮಾವಾಸ್ಯೆಯೆಂದರೆ ರೈತರ ದೊಡ್ಡ ಹಬ್ಬ. ನಾನಾ ಕಾಯಿಪಲ್ಲೆ, ಕಾಳುಗಳನ್ನು ಕೂಡಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿ ಇವನ್ನೆಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬಂಧುಮಿತ್ರರೊಡನೆ ಅಲ್ಲಿಯೇ ಕುಳಿತು ಉಣ್ಣುತ್ತೇವೆ. ಆ ಮುಂಜಾನೆ ಅತ್ತೆಯವರು ಬುತ್ತಿ ಕಟ್ಟುತ್ತಿದ್ದರು. ಭಜ್ಜಿಯ ಗಡಿಗೆ ಬೇರೆ, ಅಂಬಲಿಯ ಗಡಿಗೆ ಬೇರೆ; ರೊಟ್ಟಿಗಳನ್ನು ಮಾತ್ರ ಗಾಳಿಯಾಡುವ ಬಟ್ಟೆಯಲ್ಲಿ. "ರೊಟ್ಟಿ ಯಾಕ ಡಬ್ಬಿಯೊಳಗ ಹಾಕಂಗಿಲ್ಲತ್ತಿ?" ಎಂದೆನು. "ಬೆವತು ಮೆತ್ತಗಾಗ್ತಾವ" ಎಂದರು. "ಅನ್ನ ಯಾಕ ಒಯ್ಯಂಗಿಲ್ಲ?" "ಬಿಸಲಾಗ ಅನ್ನ ನಿಂದರಂಗಿಲ್ಲ. ಇದು ನನಗ ನನ್ನ ಅತ್ತಿ ಕಲಿಸಿದ್ದು."

ನಾನು ತಿಂಗಳುಗಟ್ಟಲೆ ಓದಿ ಅರಿತುದನ್ನು ಅವರು ಎರಡು ಮಾತಿನಲ್ಲಿ ಹೇಳಿಬಿಟ್ಟರು. ಬೇಸಗೆಯ ಆ ಭಾನುವಾರ ನಾವು ಅವರನ್ನು ಒಂದು ಮಾತು ಕೇಳಿದ್ದರೆ, ರೋಗವೂ ಬರುತ್ತಿರಲಿಲ್ಲ, ಜಗಳವೂ ಬರುತ್ತಿರಲಿಲ್ಲ. ಅವರ ಮನಸ್ಸಿಗೆ ನೋವಾದುದು ಹೊಟೇಲಿನ ಬದನೆಕಾಯಿ ಮನೆಗೆ ಬಂದುದರಿಂದಲ್ಲ; ಅಡಿಗೆಯ ವಿಷಯದಲ್ಲಿ ಐವತ್ತು ವರುಷದ ಯಜಮಾನಿತಿಯನ್ನು ಕೇಳದೆಯೇ ತಂದುದರಿಂದ. ಅಂದೇ ಸಂಜೆ ನಾನು ಧೈರ್ಯ ಮಾಡಿ, "ಅತ್ತಿ, ಮಾವನೋರಿಗಿ ಆ ಬದನಿಕಾಯಿ ಇನ್ನೊಮ್ಮಿ ತರಿಸೋಣೇನು? ಹ್ಯಾಂಗ ತರಬೇಕು ನೀವೇ ಹೇಳ್ರಿ" ಎಂದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅನ್ನ ತರೂದು ಬ್ಯಾಡಂತ ಹೇಳು. ರೊಟ್ಟಿ ನಾ ಮಾಡ್ತೀನಿ" ಎಂದರು.

ಮುಂದಿನ ವಾರವೇ ಆ ಊಟವಾಯಿತು. ಮೈದುನನು ಹಿಂದಿನ ದಿನ ಹೊಟೇಲಿನವರಿಗೆ ಫೋನು ಮಾಡಿ ಬದನೆಕಾಯಿಯ ಗೊಜ್ಜನ್ನೂ ದಾಲನ್ನೂ ರಾತ್ರಿಯೇ ತಣಿಸಿಡಿಸಿ, ಮೀಠಾದೊಂದಿಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಂದನು. ಎಲ್ಲಿಯೂ ನಿಲ್ಲಲಿಲ್ಲ, ಬೀಗರು ಚಹಾಕ್ಕೆ ಕರೆದರೂ ಹೋಗಲಿಲ್ಲ. ಪೆಟ್ಟಿಗೆ ತೆರೆದಾಗ ಗಡ್ಡೆ ಇನ್ನೂ ಕರಗಿರಲಿಲ್ಲ. ನಾನು ಎರಡನ್ನೂ ಬೋಗುಣಿಗಳಿಗೆ ಸುರುವಿ ಚೆನ್ನಾಗಿ ಕುದಿಸಿದೆನು. ಅನ್ನವನ್ನು ಆಗಲೇ ಮಾಡಿದೆನು. ಅತ್ತೆಯವರು ಜೋಳದ ಕಟಕ ರೊಟ್ಟಿಗಳನ್ನು ಹಿಂದಿನ ದಿನವೇ ಬಡಿದಿಟ್ಟಿದ್ದರು. ಡಬ್ಬಿಗಳಿಂದಲೇ ಬಡಿಸುವುದು ಅಶುಭವೆಂದು ಅವರ ಅಭಿಪ್ರಾಯ. ಆದುದರಿಂದ ಹಬ್ಬಕ್ಕೆ ಮಾತ್ರ ಹೊರತೆಗೆಯುವ ಹಿತ್ತಾಳೆಯ ತಾಟುಗಳನ್ನು ತಿಕ್ಕಿ ತೊಳೆದು, ವಾಟಿಗಳಲ್ಲಿ ಒಂದೊಂದನ್ನು ಅಂದವಾಗಿ ಇಟ್ಟೆವು. ಓದುಗರು ಇದನ್ನು ಅವಶ್ಯವಾಗಿ ಅನುಸರಿಸಬೇಕು. ದೊಡ್ಡ ಹೊಟೇಲಿನ ಊಟದಲ್ಲಿ ಅರ್ಧ ಸೊಗಸು ಬಡಿಸುವ ರೀತಿಯಲ್ಲಿರುವುದರಿಂದ, ಪಾಕವನ್ನು ಕೊಂಡು ಸೊಗಸನ್ನು ಕಸದ ಡಬ್ಬಿಯ ಪಕ್ಕದಲ್ಲಿ ಬಿಡಬಾರದು.

ಬಡಿಸುವ ವೇಳೆಯಾಯಿತು. ಅತ್ತೆಯವರು ಎಂದಿನಂತೆ ಸೌಟು ಹಿಡಿದು ಎದ್ದರು. ನನ್ನ ಯಜಮಾನರು ಅದನ್ನು ಅವರ ಕೈಯಿಂದ ತೆಗೆದುಕೊಂಡು, "ಅವ್ವಾ, ಇವತ್ತ ಅಡಿಗಿ ಹೊಟೇಲಿನವರದು, ನೀಡೂದು ನಮ್ಮದು. ನೀ ಕೂಡು" ಎಂದರು. ಅತ್ತೆಯವರು ಒಲ್ಲೆನೆಂದರು, ನಾಚಿದರು, ಕಡೆಗೆ ಮಾವನವರ ಪಕ್ಕದಲ್ಲಿ ಕುಳಿತರು. ಮದುವೆಯ ದಿನದ ತರುವಾಯ ಮೊದಲನೆಯ ಪಂಕ್ತಿಯಲ್ಲಿ ತಾವು ಕುಳಿತದ್ದು ಇದೇ ಎಂದು ಅವರು ಆಮೇಲೆ ನನ್ನೊಡನೆ ಹೇಳಿದರು. ಎಲ್ಲರ ತಾಟು ತುಂಬುವುದನ್ನು ನೋಡುತ್ತ, ಉಳಿದುದನ್ನು ಕಡೆಯಲ್ಲಿ ಉಣ್ಣುವುದೇ ಅವರ ಜನ್ಮದ ರೂಢಿಯಾಗಿತ್ತು. ನಾವು ಯಾರೂ ಅದನ್ನು ಗಮನಿಸಿದವರಲ್ಲ.

ಅವರು ಬದನೆಕಾಯಿಯ ಒಂದು ತುತ್ತು ಬಾಯಿಗಿಟ್ಟು, "ಇದೇನು ಮಹಾ? ನಮ್ಮ ಎಣ್ಣಿಗಾಯಿ ತಮ್ಮನೇ ಅದಾನ" ಎಂದು ನಕ್ಕರು. ಎಳ್ಳು, ಶೇಂಗಾ, ಒಣಕೊಬ್ಬರಿ, ಹುಣಿಸೆ ಎಲ್ಲವನ್ನೂ ನಾಲಿಗೆಯಿಂದಲೇ ಎಣಿಸಿ ಹೇಳಿದರು. ಮಾವನವರು ಮಾತ್ರ ಬಹಳ ಹೊತ್ತು ಏನೂ ಹೇಳಲಿಲ್ಲ. ರೊಟ್ಟಿ ಮುರಿದು ಗೊಜ್ಜಿನಲ್ಲಿ ಅದ್ದಿ ಎರಡು ಸಲ ನೀಡಿಸಿಕೊಂಡರು. "ರುಚಿ ಅದೇ ಅದ. ಆದರ ಅವತ್ತ ಇಂಥಾ ರೊಟ್ಟಿ ಇರಲಿಲ್ಲ" ಎಂದರು. ಮೈದುನನು ಅತ್ತ ಮುಖ ತಿರುಗಿಸಿಕೊಂಡು ನೀರು ತರುವ ನೆಪದಿಂದ ಒಳಗೆ ಹೋದನು. ಆ ರಾತ್ರಿ ಎಲ್ಲರೂ ಸುಖವಾಗಿ ನಿದ್ದೆ ಹೋದೆವು.

ಪ್ರಿಯ ವಾಚಕರೇ, ದಿನಾಲೂ ಹೊಟೇಲಿನಿಂದ ತರಿಸಿ ಒಲೆಯನ್ನು ತಣ್ಣಗಾಗಿಸಿರೆಂದು ನಾನು ಹೇಳುವವಳಲ್ಲ. ಅದು ಆರೋಗ್ಯಕ್ಕೂ ಅಲ್ಲ, ಆದಾಯಕ್ಕೂ ಅಲ್ಲ. ಆದರೆ ವರುಷಕ್ಕೆ ಒಂದೆರಡು ಸಲ, ಹೊರಗೆ ಹೋಗಲಾರದ ಹಿರಿಯರಿಗಾಗಿ ಅಂತಹದೊಂದು ಊಟವನ್ನು ಮನೆಗೆ ತರುವುದಾದರೆ, ಮೂರು ಮಾತುಗಳನ್ನು ನೆನಪಿಡಿರಿ. ಬಿಸಿಯದನ್ನು ಬಿಸಿಯಾಗಿ, ತಣ್ಣನೆಯದನ್ನು ತಣ್ಣಗೆ ತನ್ನಿರಿ. ಮನೆಯಲ್ಲಿ ಆಗುವುದನ್ನು ಮನೆಯಲ್ಲಿಯೇ ಮಾಡಿರಿ. ಮತ್ತು ನಿತ್ಯವೂ ಬಡಿಸುವವರನ್ನು ಅಂದು ಮೊದಲನೆಯ ಪಂಕ್ತಿಯಲ್ಲಿ ಕೂಡಿಸಿರಿ. ಈ ಮೂರನೆಯ ಮಾತಿಗೆ ದೊಡ್ಡ ಹೊಟೇಲಿನ ಅವಶ್ಯಕತೆ ಇಲ್ಲ. ಅದನ್ನು ಈ ದಿನದ ರಾತ್ರಿಯ ಊಟದಿಂದಲೇ ಪ್ರಾರಂಭಿಸಬಹುದು.